ಹಳೆಯ ಬೆಂಜ್‌ನ ಗ್ಲಾಸು ಇಳಿಯುತ್ತದೆ, ಏರುವುದಿಲ್ಲ: ಮೋಟರ್ ಬದಲಿಸಬೇಕೇ?

ನಿಮ್ಮ 1983ರ ಡಬ್ಲ್ಯು123 ಮಾದರಿಯ ಬೆಂಜ್‌ನಲ್ಲಿ ಚಾಲಕನ ಬದಿಯ ಗ್ಲಾಸು ಸಲೀಸಾಗಿ ಇಳಿದು, ಏರುವಾಗ ಮಾತ್ರ ತೆವಳುತ್ತಾ ಅರ್ಧಕ್ಕೇ ನಿಲ್ಲುತ್ತದೆ ಎಂದೂ, ಮೋಟರ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ ಎಂದೂ ಬರೆದಿದ್ದೀರಿ. ಚಿಕ್ಕಮಗಳೂರಿನಲ್ಲಿ ಇದೇ ಮಾದರಿಯ ಕಾರನ್ನು ಇಟ್ಟುಕೊಂಡಿರುವ ನನ್ನ ಸಲಹೆ ಇಷ್ಟೇ: ಅಳೆದು ನೋಡುವ ಮೊದಲು ಮೋಟರಿಗೆ ದುಡ್ಡು ಸುರಿಯಬೇಡಿ.

ಇಳಿಸುವುದೂ ಏರಿಸುವುದೂ ಒಂದೇ ಮೋಟರ್; ಅದಕ್ಕೆ ಹೋಗುವ ಎರಡು ವೈರ್‌ಗಳ ಪ್ಲಸ್ಸು ಮೈನಸ್ಸನ್ನು ಅದಲುಬದಲು ಮಾಡಿ ದಿಕ್ಕು ತಿರುಗಿಸುವುದು ಸ್ವಿಚ್. ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ಪ್ರತಿ ಮೋಟರಿಗೂ ಬೇರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಇರುವುದಿಲ್ಲವಾದ್ದರಿಂದ ಮೋಟರಿನ ಪೂರ್ತಿ ಕರೆಂಟನ್ನು ಸ್ವಿಚ್‌ನ ಕಾಂಟ್ಯಾಕ್ಟ್‌ಗಳೇ (ಒಳಗೆ ಒಂದಕ್ಕೊಂದು ತಾಗುವ ಲೋಹದ ತುದಿಗಳು) ಹೊರಬೇಕು, ಮತ್ತು ಒಂದು ಕಡೆಯಿಂದ ಕರೆಂಟ್ ಬಂದರೆ ಅರ್ತ್ ಸಿಗುವುದೂ ಅದೇ ಸ್ವಿಚ್‌ನ ಇನ್ನೊಂದು ಕಾಂಟ್ಯಾಕ್ಟ್ ಮೂಲಕ. ಆದ್ದರಿಂದ ಸ್ವಿಚ್ ಬಿಚ್ಚಿದರೆ ಎರಡೂ ಬದಿಯ ಕಾಂಟ್ಯಾಕ್ಟ್‌ಗಳ ಕರಿಯನ್ನು ನುಣುಪಾದ ಎಮರಿ ಪೇಪರಿನಿಂದ ತೆಗೆಯಬೇಕು. ಒಂದನ್ನು ಮಾತ್ರ ಉಜ್ಜಿ ಮುಚ್ಚುವವರೇ ಹೆಚ್ಚು. ಅದಕ್ಕೂ ಮೊದಲು, ಪಕ್ಕದ ಬಾಗಿಲಿನ ಗ್ಲಾಸಿನ ಸ್ವಿಚ್ಚನ್ನು ಇದಕ್ಕೆ ಹಾಕಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಆದರೂ ಏರುವಾಗ ಭಾರ ಹೆಚ್ಚಿರುವುದರಿಂದ ಸೋತ ಮೋಟರ್ ಮೊದಲು ಕೈಕೊಡುವುದೂ ಅಲ್ಲಿಯೇ. ದೋಷ ಮೋಟರಿನದೋ ಅಲ್ಲವೋ ಎಂದು ತಿಳಿಯಲು ಡೋರ್ ಪ್ಯಾಡ್ (ಬಾಗಿಲಿನ ಒಳಮೈ ಹಲಗೆ) ತೆಗೆದು, ಇಂಜಿನ್ ಚಾಲೂ ಇಟ್ಟು, ಮೋಟರಿನ ಕನೆಕ್ಟರನ್ನು ಕಳಚದೆ ಅದರ ಎರಡು ವೈರ್‌ಗಳ ನಡುವೆ ಮಲ್ಟಿಮೀಟರ್ ಹಿಡಿದು, ಗ್ಲಾಸು ಏರುತ್ತಿರುವಾಗಲೇ ವೋಲ್ಟೇಜ್ ಓದಿಕೊಳ್ಳಿ. ಕನೆಕ್ಟರ್ ಕಳಚಿ ಅಳೆದರೆ ಒಂದೇ ಎಳೆ ಉಳಿದ ವೈರೂ 12 ವೋಲ್ಟ್ ತೋರಿಸಿ ನಿಮ್ಮನ್ನು ಏಮಾರಿಸುತ್ತದೆ. ಕಳಚದೆ ಅಳೆದಾಗ ಎಂಟೊಂಬತ್ತು ವೋಲ್ಟಿಗೆ ಕುಸಿದರೆ ದೋಷ ಸ್ವಿಚ್‌ನಲ್ಲೋ, ಫ್ಯೂಸಿನ ತುದಿಗಳಲ್ಲೋ, ಬಾಗಿಲು ಮಡಚುವ ಕಡೆಯ ರಬ್ಬರ್ ಕೊಳವೆಯೊಳಗೆ ಎಳೆಗಳು ತುಂಡಾಗಿರುವ ವೈರಿನಲ್ಲೋ ಇದೆ. ಹನ್ನೆರಡರ ಆಸುಪಾಸು ನಿಂತಿದ್ದೂ ಗ್ಲಾಸು ತೆವಳಿದರೆ ಮಾತ್ರ ಮೋಟರನ್ನು, ಇಲ್ಲವೇ ಜಾರುವ ಭಾಗಗಳನ್ನು ಅನುಮಾನಿಸಿ.

ನಮ್ಮ ಕಡೆ ಜಾರುವ ಭಾಗಗಳ ತೊಂದರೆಯೇ ಹೆಚ್ಚು. ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಗ್ಲಾಸು ಕೂರುವ ಚಾನೆಲ್ ರಬ್ಬರ್ ಗಟ್ಟಿಯಾಗಿರುತ್ತದೆ, ಹಳೆಯ ಗ್ರೀಸ್ ಮೇಣದಂತೆ ಹೆಪ್ಪುಗಟ್ಟಿರುತ್ತದೆ. ಚಾನೆಲ್ಲಿಗೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ, ಗ್ಲಾಸನ್ನು ಎತ್ತುವ ಕತ್ತರಿಯಾಕಾರದ ತೋಳುಗಳ (ಇದೇ ರೆಗ್ಯುಲೇಟರ್) ಹಳೆ ಗ್ರೀಸ್ ಕೆರೆದು ಹೊಸದು ಹಚ್ಚಿ.

ಮೋಟರ್ ಬಿಚ್ಚಲೇಬೇಕಾದರೆ ಗ್ಲಾಸಿಗೆ ಆನಿಕೆ ಕೊಟ್ಟು, ತೋಳನ್ನು ಕ್ಲಾಂಪಿನಿಂದ ಬಿಗಿದುಕೊಳ್ಳಿ. ಸ್ಪ್ರಿಂಗ್ ಇರುವ ರೆಗ್ಯುಲೇಟರ್ ಥಟ್ಟನೆ ತಿರುಗಿ ಬೆರಳು ಜಜ್ಜಬಲ್ಲದು. ಪ್ಯಾಡ್ ವಾಪಸ್ ಹಾಕುವಾಗ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಬಾಗಿಲೊಳಗೆ ಇಳಿಯುವ ಮಳೆನೀರಿಗೆ ಪ್ಯಾಡಿನ ಹಲಗೆ ಉಬ್ಬಿಹೋಗುತ್ತದೆ.