ಅಡುಗೆಮನೆ ಮಾತನ್ನು ಬೈದಿದ್ದೀರಿ, ಸರಿ. ಆರನೇ ಪ್ಯಾರಾ ಕತೆ ಏನು?

ನಮಸ್ಕಾರ.

ನೀವು ಕಳಿಸಿದ 'ರಾಜಕಾರಣದಲ್ಲಿ ಮಹಿಳೆ: ಅಂದು, ಇಂದು' ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸೋಕೆ ಆಗಲ್ಲ. ಹಾಗಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವಂಥ ಲೇಖನವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಾತು ಸ್ವಲ್ಪ ಖಾರ ಅನ್ನಿಸಿದರೆ ಬೇಜಾರು ಮಾಡ್ಕೋಬೇಡಿ.

ಮೊದಲು ಶುರುವಿನ ಪುಟ. 'ಯತ್ರ ನಾರ್ಯಸ್ತು ಪೂಜ್ಯಂತೇ' ಶ್ಲೋಕ, ಅದರ ಬೆನ್ನಿಗೇ ಕಿತ್ತೂರು ಚೆನ್ನಮ್ಮ, ಆಮೇಲೆ ತೊಟ್ಟಿಲು ತೂಗುವ ಕೈ. ಮಾರ್ಚ್ 8 ಹತ್ತಿರ ಬಂತು ಅಂದ್ರೆ ನಮಗೆ ಈ ಮೂರೂ ಒಟ್ಟಿಗೇ ಬರುತ್ತವೆ. ತೆಗೆದುಬಿಡಿ. ಹೆಣ್ಣು ಕರುಣಾಮಯಿ, ಅವಳು ಅಧಿಕಾರಕ್ಕೆ ಬಂದರೆ ಲಂಚ ನಿಲ್ಲುತ್ತೆ ಅನ್ನೋ ಪ್ಯಾರಾನೂ ಬೇಡ. ಗಂಡಸಿಗೆ ಟಿಕೆಟ್ ಕೊಡುವಾಗ ನಿನಗೆ ಕರುಣೆ ಇದೆಯಾ ಅಂತ ಯಾರಾದರೂ ಕೇಳಿದ್ದುಂಟಾ? ಒಳ್ಳೆಯವಳಾಗಿದ್ದರೆ ಮಾತ್ರ ಕುರ್ಚಿ ಅಂತ ನೀವೂ ಒಂದು ಷರತ್ತು ಹಾಕಿದ ಹಾಗಾಯ್ತು.

2024ರ ಲೋಕಸಭಾ ಚುನಾವಣೆಯ ದಾವಣಗೆರೆ ಪ್ರಸಂಗ ಎತ್ತಿಕೊಂಡಿದ್ದು ಒಳ್ಳೇದಾಯ್ತು. ಬಿಜೆಪಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅಡುಗೆ ಮಾಡೋಕಷ್ಟೇ ಲಾಯಕ್ಕು ಅನ್ನೋ ಅರ್ಥದಲ್ಲಿ ಹಿರಿಯ ಕಾಂಗ್ರೆಸ್ ಶಾಸಕ ಶಾಮನೂರು ಶಿವಶಂಕರಪ್ಪ ಮಾತಾಡಿದ್ದರು. ನೀವು ಒಂದೂವರೆ ಪುಟ ಬೈದಿದ್ದೀರಿ. ಆದರೆ ಅರ್ಧ ಕತೆ ಬಿಟ್ಟುಹೋಗಿದೆ. ಕಾಂಗ್ರೆಸ್ಸಿನಿಂದ ನಿಂತವರು ಯಾರು? ಶಾಮನೂರು ಅವರದೇ ಸೊಸೆ ಪ್ರಭಾ ಮಲ್ಲಿಕಾರ್ಜುನ್. ಒಬ್ಬರು ಆಗಿನ ಸಂಸದರ ಹೆಂಡತಿ, ಇನ್ನೊಬ್ಬರು ಸಚಿವರ ಹೆಂಡತಿ, ಗೆದ್ದವರು ಪ್ರಭಾ. ಅಂದರೆ ಹೆಂಗಸರು ಚುನಾವಣೆಗೆ ನಿಲ್ಲಲೇಬಾರದು ಅನ್ನೋದು ಅಲ್ಲಿ ವಿಷಯವೇ ಅಲ್ಲ, ಸ್ವಂತ ಮನೆಯ ಸೊಸೆಯೇ ಕಣದಲ್ಲಿದ್ದರಲ್ಲ! ಎದುರಾಳಿಯ ಪಕ್ಷವನ್ನು ಟೀಕಿಸಬಹುದಿತ್ತು, ಅವರ ಗಂಡ ಇಷ್ಟು ವರ್ಷ ಕ್ಷೇತ್ರಕ್ಕೆ ಏನು ಮಾಡಿದರು ಅಂತ ಕೇಳಬಹುದಿತ್ತು. ಎದುರಿಗೆ ನಿಂತಿದ್ದು ಹೆಂಗಸು ಅನ್ನೋ ಒಂದೇ ಕಾರಣಕ್ಕೆ ಇದ್ಯಾವುದರ ಗೊಡವೆಯೂ ಬೇಕಾಗಲಿಲ್ಲ, ಒಲೆಯ ಕಡೆ ಕೈ ತೋರಿಸಿದರೆ ಕೆಲಸ ಮುಗೀತು. ಇದನ್ನು ಬಿಡಿಸಿ ಬರೀರಿ. ಬೈಯೋದು ಓದುಗರಿಗೆ ಬಿಡಿ.

2021ರ ಡಿಸೆಂಬರಿನ ಬೆಳಗಾವಿ ವಿಧಾನಸಭೆ ಅಧಿವೇಶನದ ಬಗ್ಗೆಯೂ ಇದೇ ಮಾತು. ಅತ್ಯಾಚಾರವನ್ನು ಉದಾಹರಣೆ ಮಾಡಿಕೊಂಡು ಕಾಂಗ್ರೆಸ್ ಶಾಸಕ ರಮೇಶ್ ಕುಮಾರ್ ಆಡಿದ್ದನ್ನು ಪೂರ್ತಿ ಎತ್ತಿ ಬರೆದಿದ್ದೀರಿ. ಅವಶ್ಯಕತೆ ಇಲ್ಲ. ಮರುದಿನ ಅವರು ಕ್ಷಮೆ ಕೇಳಿದ್ದನ್ನು ಸೇರಿಸಿ. ನೀವು ಬಿಟ್ಟಿರೋದು ನಗುವನ್ನು. ಆ ಮಾತಿಗೆ ಸಭಾಧ್ಯಕ್ಷರ ಪೀಠದಲ್ಲಿದ್ದ ಕಾಗೇರಿಯವರೇ ನಕ್ಕರು. ನಿಮ್ಮ ಕೊನೇ ಪುಟದಲ್ಲಿ ಕೆ.ಎಸ್. ನಾಗರತ್ನಮ್ಮ ಇದ್ದಾರೆ ನೋಡಿ: ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದವರು, 1972ರಿಂದ 1978ರವರೆಗೆ ಅದೇ ಪೀಠದಲ್ಲಿದ್ದವರು. ಅವರಾದ ಮೇಲೆ ವಿಧಾನಸಭೆಯಲ್ಲಿ ಆ ಪೀಠಕ್ಕೆ ಇನ್ನೊಬ್ಬ ಮಹಿಳೆ ಬಂದೇ ಇಲ್ಲ. ಈ ಎರಡು ವಿಷಯವನ್ನು ಅಕ್ಕಪಕ್ಕ ಇಟ್ಟಿದ್ದರೆ ಸಾಕಿತ್ತು. ನೀವು ನಾಗರತ್ನಮ್ಮನವರನ್ನು 'ಮೃದು ಸ್ವಭಾವದ ಮಮತಾಮಯಿ' ಅಂದು ಮುಂದೆ ಹೋಗಿದ್ದೀರಿ. ಮಮತೆಯಿಂದ ಏಳು ಚುನಾವಣೆ ಗೆಲ್ಲೋಕಾಗುತ್ತಾ ಮಾರಾಯ್ರೇ?

ಸಾಗರ್ ಖಂಡ್ರೆ, ಪ್ರಿಯಾಂಕಾ ಜಾರಕಿಹೊಳಿ ಇಬ್ಬರೂ 2024ರಲ್ಲಿ ಲೋಕಸಭೆಗೆ ಗೆದ್ದವರು, ಇಬ್ಬರೂ ಸಚಿವರ ಮಕ್ಕಳು, ಇಬ್ಬರೂ ಮೂವತ್ತು ದಾಟದವರು. ನಿಮ್ಮ ಲೇಖನದಲ್ಲಿ ಒಬ್ಬರು 'ಭರವಸೆಯ ಯುವ ನಾಯಕ', ಇನ್ನೊಬ್ಬರು 'ಅಪ್ಪನ ನೆರಳಲ್ಲಿ ಬಂದ ಮಗಳು'. ಅಪ್ಪನ ನೆರಳು ಇಬ್ಬರ ಮೇಲೂ ಇತ್ತು, ಅಲ್ವಾ? ಬರೆಯುವುದಾದರೆ ಇಬ್ಬರಿಗೂ ಬರೀರಿ.

ಈಗ ಆರನೇ ಪ್ಯಾರಾ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡಿದ್ದು ಅಂತ ಇರೋದು ಅದೊಂದೇ. ನಿಮ್ಮೂರಿನ ಗ್ರಾಮ ಪಂಚಾಯಿತಿ ಕಚೇರಿ, ಅಧ್ಯಕ್ಷರ ಕುರ್ಚಿಯ ಪಕ್ಕದಲ್ಲಿ ಅವರ ಗಂಡನಿಗೂ ಒಂದು ಕುರ್ಚಿ, ಬಂದವರೆಲ್ಲ ಆ ಗಂಡನನ್ನೇ 'ಅಧ್ಯಕ್ಷರೇ' ಅಂತ ಕರೆಯೋದು, ಅಧ್ಯಕ್ಷೆಯ ಡಿಜಿಟಲ್ ಸಹಿ ಇರೋ ಡೊಂಗಲ್ ಗಂಡನ ಅಂಗಿ ಜೇಬಿನಲ್ಲಿ. ಎಷ್ಟು ಚೆನ್ನಾಗಿ ನೋಡಿದ್ದೀರಿ! ಆದರೆ ನಾಲ್ಕೇ ಸಾಲಿಗೆ ಮುಗಿಸಿ, ಕೊನೆಗೆ ಆಕೆಯನ್ನು 'ಗಂಡ ಹೇಳಿದಲ್ಲಿ ಸಹಿ ಹಾಕುವ ಗೊಂಬೆ, ಇದಕ್ಕಿಂತ ಮನೆಯಲ್ಲಿದ್ದಿದ್ದರೇ ಚೆನ್ನಾಗಿತ್ತು' ಅಂದಿದ್ದೀರಿ. ಇಲ್ಲಿ ನನಗೆ ಸಿಟ್ಟು ಬಂತು. ಎರಡು ಪುಟ ಹಿಂದೆ ಒಂದೂವರೆ ಪುಟ ಬೈದಿರಲ್ಲ, ದಾವಣಗೆರೆಯ ಆ ಅಡುಗೆ ಮಾತಿಗೂ ಇದಕ್ಕೂ ಏನ್ರೀ ವ್ಯತ್ಯಾಸ?

ಆಕೆಯನ್ನು ಒಮ್ಮೆಯಾದರೂ ಮಾತಾಡಿಸಿದ್ದೀರಾ? ಲೇಖನದಲ್ಲಂತೂ ಅದರ ಸುಳಿವಿಲ್ಲ. ಹೋಗಿ ಕೇಳಿ. ಸಭೆಯ ನೋಟಿಸು ಯಾರ ಕೈಗೆ ಬರುತ್ತೆ? ಪಿಡಿಒ, ಅಂದ್ರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಫೋನ್ ಮಾಡೋದು ಯಾರ ನಂಬರಿಗೆ? ಉದ್ಯೋಗ ಖಾತ್ರಿ ಕೆಲಸದ ಬಿಲ್ಲು ಪಾಸಾಗುವಾಗ ಡೊಂಗಲ್ ಹಾಕಿ ಒಪ್ಪಿಗೆ ಕೊಡೋದು ಯಾರು? ಗಂಡ ಪಕ್ಕದಲ್ಲಿ ಕೂತ ಅಂತ ಗಂಡನನ್ನಷ್ಟೇ ಬೈದರೂ ಸಾಲದು. ಆತನಿಗೆ ಕುರ್ಚಿ ಹಾಕಿಸಿದವರು ಬೇರೆ ಇರುತ್ತಾರೆ. ಹೆಂಗಸಿನ ಜೊತೆ ವ್ಯವಹಾರದ ಮಾತಾಡೋಕೆ ಮುಜುಗರ ಪಡೋ ಸದಸ್ಯರು, ಸಂಜೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಚಹಾ ಕುಡೀತಾ ಕೆಲಸ ಮುಗಿಸಿಕೊಳ್ಳೋ ಕಂಟ್ರಾಕ್ಟರು, ಸಹಿ ಬೇಗ ಸಿಕ್ಕರೆ ಸಾಕು ಅನ್ನೋ ಅಧಿಕಾರಿ, ಇವರಿಗೆಲ್ಲ ಆ ಗಂಡ ಬೇಕು. ಜೊತೆಗೆ ಅವಧಿಯನ್ನೂ ನೋಡಿ. 2020ರಲ್ಲಿ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ಆದಮೇಲೆ ಅಧ್ಯಕ್ಷರಿಗೆ ಸಿಗೋದು 30 ತಿಂಗಳು, ಮೊದಲು ಐದು ವರ್ಷ ಇತ್ತು. ಕ್ರಿಯಾಯೋಜನೆ ಅಂದ್ರೇನು, ಯಾವ ದುಡ್ಡು ಯಾವ ಖಾತೆಗೆ ಅಂತ ಒಬ್ಬ ಹೊಸಬಳಿಗೆ ಕೈಗೆ ಹತ್ತೋ ಹೊತ್ತಿಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಬದಲಾಗಿರುತ್ತೆ. ಹೊಸ ಗಂಡಸಿಗೂ ಇಷ್ಟೇ ಸಮಯ ನಿಜ, ಆದರೆ ಅವನನ್ನು ಪಿಡಿಒ ಕೂರಿಸಿಕೊಂಡು ಹೇಳಿಕೊಡ್ತಾರೆ, ಅವನ ಹೆಂಡತಿಗೆ ಫೋನ್ ಮಾಡಲ್ಲ.

ಒಂದು ತಪ್ಪು ತಿದ್ದಿಕೊಳ್ಳಿ. ಪಂಚಾಯಿತಿಯಲ್ಲಿ ಹೆಂಗಸರಿಗೆ ಮೀಸಲಾತಿ 1993ರಲ್ಲಿ ದೆಹಲಿಯಿಂದ ಬಂತು ಅಂದಿದ್ದೀರಿ. ನಮ್ಮಲ್ಲಿ ಅದಕ್ಕೂ ಮೊದಲೇ ಇತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಲ್ಲೇ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಿಗೆ ಶೇ. 25 ಇತ್ತು, 1987ರಲ್ಲಿ ಆ ಚುನಾವಣೆಗಳೂ ನಡೆದವು. ಸಂವಿಧಾನದ 73ನೇ ತಿದ್ದುಪಡಿಯಿಂದ ಮೂರನೇ ಒಂದು ಪಾಲು, 2010ರಲ್ಲಿ ಇಲ್ಲಿ ಅರ್ಧ. ಅಂದರೆ ನಿಮ್ಮ ಪಂಚಾಯಿತಿ ಕಚೇರಿಯಲ್ಲಿ ಮೂರು ದಶಕದ ಮೇಲೆ ಹೆಂಗಸರು ಕೂತಿದ್ದಾರೆ. ಮೇಲಕ್ಕೆ ಹೋದರೆ 224 ಸೀಟಿನ ವಿಧಾನಸಭೆಗೆ 2023ರಲ್ಲಿ ಗೆದ್ದ ಹೆಂಗಸರು ಹತ್ತೇ ಜನ. ಹಳ್ಳಿಯಲ್ಲಿ ಪಳಗಿದವರು ಎಲ್ಲಿ ನಿಂತುಬಿಟ್ಟರು? ಅದೇ ವರ್ಷ ಪಾಸಾದ ಮಹಿಳಾ ಮೀಸಲಾತಿ ಕಾನೂನು ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದಮೇಲೆ ಜಾರಿ ಅಂತ ಅದರಲ್ಲೇ ಬರೆದಿದೆ. ಜಾರಿಯಾದರೆ ಈಗಿನ ಲೆಕ್ಕಕ್ಕೆ ಸುಮಾರು 75 ಸೀಟು. ಆಗ ಪಕ್ಷದ ಟಿಕೆಟ್ಟಿನ ಬಿ ಫಾರಂ ನಿಮ್ಮೂರಿನ ಮಾಜಿ ಅಧ್ಯಕ್ಷೆಗೆ ಬರುತ್ತೋ, ಮಾಜಿ ಶಾಸಕರ ಮನೆಗೆ ಹೋಗುತ್ತೋ? ಇದನ್ನೂ ಆಕೆಯನ್ನೇ ಕೇಳಿ, ಉತ್ತರ ನಿಮಗಿಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.

ಆರನೇ ಪ್ಯಾರಾದಿಂದ ಶುರು ಮಾಡಿ. ದಾವಣಗೆರೆಗೆ ಒಂದು ಪ್ಯಾರಾ ಸಾಕು, ಬೆಳಗಾವಿಗೆ ಇನ್ನೊಂದು. ಆಕೆಯ ಹೆಸರು, ಊರು ಹಾಕೋದಾದರೆ ಮೊದಲು ಒಪ್ಪಿಗೆ ಕೇಳಿ. ಬೇಡ ಅಂದರೆ ಜಿಲ್ಲೆಯ ಹೆಸರೂ ಬೇಡ, ನೀವು ಬರೆದದ್ದನ್ನು ಓದಿ ಮನೆಯಲ್ಲಿ ಮಾತು ಕೇಳಬೇಕಾದವರು ಅವರು. ಮಾತಾಡೋಕೆ ಹೋದಾಗ ಗಂಡನೇ ಉತ್ತರ ಕೊಡೋಕೆ ಶುರು ಮಾಡಿದರೆ ಅದನ್ನೂ ಹಾಗೇ ಬರ್ಕೊಳ್ಳಿ. ಸಾವಿರದ ಇನ್ನೂರು ಪದ ದಾಟದಿರಲಿ, ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ.