ಪಾಂಡಾಸ್‌ನಲ್ಲಿ ‘ಅಕ್ಕಿ’ ಹುಡುಕಿದರೆ ‘ಅಕ್ಕಿಹಿಟ್ಟು’ ಮಾತ್ರ ಯಾಕೆ ಸಿಗುತ್ತದೆ?

ಪಾಂಡಾಸ್ ಅಂದರೆ ಪೈಥಾನ್ ಭಾಷೆಯಲ್ಲಿ ಪಟ್ಟಿ, ಕೋಷ್ಟಕಗಳನ್ನು ಸಂಭಾಳಿಸುವ ಸಾಧನ. ಅದರಲ್ಲಿ ತೆರೆದ ನಿಮ್ಮ ಸ್ಟಾಕ್ ಪಟ್ಟಿಯಲ್ಲಿ ‘ಅಕ್ಕಿ’ ಅನ್ನೋ ಪೂರ್ತಿ ಪದ ಇರುವ ಸಾಲುಗಳಷ್ಟೇ ಬೇಕು. ಅದಕ್ಕೆ ಹುಡುಕಾಟದ ಮಾದರಿಯಲ್ಲಿ (ರೆಗ್ಯುಲರ್ ಎಕ್ಸ್‌ಪ್ರೆಶನ್) ಪದದ ಎರಡೂ ಕಡೆ ಬ್ಯಾಕ್‌ಸ್ಲ್ಯಾಶ್ ಬಿ (\b) ಹಾಕಿದ್ದೀರಿ. ಆದರೆ ‘ಸೋನಾ ಮಸೂರಿ ಅಕ್ಕಿ’ ಮಾಯ, ‘ಅಕ್ಕಿಹಿಟ್ಟು’ ಹಾಜರ್. ‘ಬೆಲ್ಲ’ ಹುಡುಕಿದರೆ ಮಾತ್ರ ಎಲ್ಲ ಸರಿ. ನಿಮ್ಮ ಕೋಡ್ ತಪ್ಪಿಲ್ಲ. ಪೈಥಾನ್ ಕನ್ನಡವನ್ನು ಓದುವ ರೀತಿಯೇ ಹಾಗಿದೆ.

ಬ್ಯಾಕ್‌ಸ್ಲ್ಯಾಶ್ ಬಿ ಅಂದರೆ ಪದದ ಅಂಚು: ಒಂದು ಕಡೆ ಪದದ ಅಕ್ಷರ ಇರಬೇಕು, ಇನ್ನೊಂದು ಕಡೆ ಇರಬಾರದು. ಪೈಥಾನ್‌ಗೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ಪದಕ್ಕೆ ಸೇರಿದವು. ನಮ್ಮ ಗುಡಿಸು, ಕೊಂಬು, ದೀರ್ಘ, ಅರ್ಧಾಕ್ಷರದ ಚಿಹ್ನೆ ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ. ‘ಅಕ್ಕಿ’ ಮುಗಿಯುವುದು ಗುಡಿಸಿನಲ್ಲಿ. ಅದರ ಮುಂದೆ ಖಾಲಿ ಜಾಗ ಇದ್ದರೆ ಎರಡೂ ಕಡೆ ‘ಪದವಲ್ಲ’, ಹಾಗಾಗಿ ಅಂಚೇ ಇಲ್ಲ. ಗುಡಿಸಿನ ಮುಂದೆ ‘ಹಿಟ್ಟು’ವಿನ ಹಕಾರ ಬಂದರೆ ಅಲ್ಲಿ ಅಂಚು ಸಿಕ್ಕಿಬಿಡುತ್ತದೆ. ಪೂರ್ತಿ ಉಲ್ಟಾ ಅಲ್ವಾ! ‘ಬೆಲ್ಲ’ ಹುಡುಕಿದಾಗ ಎಲ್ಲ ಸರಿ ಬಂತಲ್ಲ? ಅದು ಚಿಹ್ನೆಯಲ್ಲಿ ಮುಗಿಯುವುದಿಲ್ಲ, ಅದಕ್ಕೇ ಬಂತು. ಕನ್ನಡದಲ್ಲಿ ಅಂಥ ಪದ ಸಿಕ್ಕರೆ ಅದೃಷ್ಟ, ಜಾಸ್ತಿ ಪದಗಳು ಚಿಹ್ನೆಯಲ್ಲೇ ಮುಗಿಯುತ್ತವೆ.

ಅಂಚನ್ನು ನಾವೇ ಹೇಳಿಕೊಡಬೇಕು. ಹಿಂದೆ ಮುಂದೆ ಕನ್ನಡದ ಯಾವ ಅಕ್ಷರವೂ, ಚಿಹ್ನೆಯೂ, ಅಂಕಿಯೂ ಇರಬಾರದು ಅಂತ:

(?<![ಀ-೯])ಅಕ್ಕಿ(?![ಀ-೯])

ಚೌಕ ಆವರಣದೊಳಗಿನ ವ್ಯಾಪ್ತಿಯಲ್ಲಿ ಅಕ್ಷರ, ಗುಣಿತದ ಚಿಹ್ನೆ, ಕನ್ನಡ ಅಂಕಿ ಎಲ್ಲ ಬರುತ್ತವೆ. ‘ಅಕ್ಕಿ, 25 ಕೆಜಿ’ ಸಿಗುತ್ತದೆ, ‘ಅಕ್ಕಿಹಿಟ್ಟು’ ಸಿಗುವುದಿಲ್ಲ. ಇದನ್ನು ಹಾಗೇ ಪಾಂಡಾಸ್‌ನ ಹುಡುಕುವ ಆದೇಶ ಕಂಟೈನ್ಸ್‌ಗೆ (str.contains) ಕೊಡಿ. ಖಾಲಿ ಸೆಲ್‌ಗಳಿದ್ದರೆ ಅವನ್ನು ‘ಇಲ್ಲ’ ಅಂತ ಎಣಿಸಲು ಅದರ ಎನ್‌ಎ ಆಯ್ಕೆಗೆ ಫಾಲ್ಸ್ ಕೊಡಿ (na=False). ಎರಡು ಪದ ಬೇಕಿದ್ದರೆ ಗುಂಪು ಮಾಡಲೇಬೇಕು, ಇಲ್ಲದಿದ್ದರೆ ಹಿಂದಿನ ಷರತ್ತು ಮೊದಲ ಪದಕ್ಕೆ, ಮುಂದಿನದು ಕೊನೆಯ ಪದಕ್ಕೆ ಮಾತ್ರ ಅಂಟುತ್ತದೆ:

(?<![ಀ-೯])(?:ಅಕ್ಕಿ|ರಾಗಿ)(?![ಀ-೯])

ಇದೇ ಪಟ್ಟಿ ಗೂಗಲ್ ಶೀಟ್ಸ್‌ನಲ್ಲಿದ್ದರೆ ಅಲ್ಲಿ ಹಿಂದೆ ಮುಂದೆ ಇಣುಕಿ ನೋಡುವ ಸೌಲಭ್ಯ ಇಲ್ಲ. ಹೀಗೆ ಬರೆಯಿರಿ:

(^|[^ಀ-೯])ಅಕ್ಕಿ([^ಀ-೯]|$)

ಪಟ್ಟಿ ಬೇರೆ ಬೇರೆ ಕಡೆಯಿಂದ ಬಂದಿದ್ದರೆ ಮೊದಲು ಎನ್‌ಎಫ್‌ಸಿಗೆ, ಅಂದರೆ ತುಂಡು ಚಿಹ್ನೆಗಳನ್ನು ಒಂದಾಗಿಸುವ ಯೂನಿಕೋಡ್ ರೂಪಕ್ಕೆ, ನಾರ್ಮಲೈಸ್ ಮಾಡಿಕೊಳ್ಳಿ. ‘ಗೋಧಿ’ಯಲ್ಲಿ ಗಕಾರಕ್ಕೆ ಸೇರಿದ ಓಕಾರ ಒಂದೇ ಚಿಹ್ನೆಯಾಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಹುಡುಕಾಟಕ್ಕೆ ಮಾತ್ರ ಬೇರೆ ಬೇರೆ ಪದ.

ಇನ್ನು ಕುಚ್ಚಲಕ್ಕಿ, ಕೆಂಪಕ್ಕಿ. ಇವುಗಳಲ್ಲಿ ‘ಅಕ್ಕಿ’ಯ ಅಕಾರವೇ ಸಂಧಿಯಲ್ಲಿ ಕರಗಿ ಹೋಗಿದೆ. ಯಾವ ಅಂಚು ಹಾಕಿದರೂ ಅವು ಸಿಗುವುದಿಲ್ಲ. ಬೇಕಿದ್ದರೆ ಮೇಲಿನ ಗುಂಪಿಗೆ ಒಂದೊಂದಾಗಿ ಸೇರಿಸಿ.