ಚಿಮಣಿ ಖರ್ಚು ಬರೀ ಇಟ್ಟಿಗೆಯದ್ದಲ್ಲ

ಸಕಲೇಶಪುರದ ಹತ್ತಿರ ಹೊಸ ಮನೆ ಕಟ್ಟುತ್ತಿದ್ದೀರಿ, ಬಚ್ಚಲಿನ ಹಂಡೆ ಒಲೆಗೆ ಇಟ್ಟಿಗೆ ಚಿಮಣಿ ಬೇಕು, ಮೇಸ್ತ್ರಿ ಒಟ್ಟಾಗಿ ಒಂದು ಮೊತ್ತ ಹೇಳಿದ್ದಾರೆ, ಇಷ್ಟೊಂದು ಆಗುತ್ತದಾ ಅಂತ ಕೇಳಿದ್ದೀರಿ. ಒಟ್ಟು ಲೆಕ್ಕಕ್ಕೆ ಒಪ್ಪಬೇಡಿ. ಬಿಡಿಸಿ ಬರೆಸಿಕೊಳ್ಳಿ.

ಇಟ್ಟಿಗೆ ಲೆಕ್ಕ ನೀವೇ ಹಾಕಬಹುದು. ಒಳಗೆ 9 ಇಂಚು ಚೌಕದ ತೂತು, ಸುತ್ತ ನಾಲ್ಕೂವರೆ ಇಂಚಿನ ಗೋಡೆ ಅಂದರೆ ಒಂದು ವರಸೆಗೆ 6 ಇಟ್ಟಿಗೆ. 15 ಅಡಿಗೆ ಸುಮಾರು 50 ವರಸೆ, ಒಡೆದದ್ದೂ ಸೇರಿ 350 ಸಾಕು. ನಿಮ್ಮೂರಿನ ರೇಟಿಗೆ ಗುಣಿಸಿ ನೋಡಿ, ಅಂಥಾ ದೊಡ್ಡದೇನಲ್ಲ. ಆದರೆ ಗಾರೆ ಸೇರಿದರೆ ಅದೇ ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ. ಅದಕ್ಕೆ ಬೇರೆ ಪಾಯ ಬೇಕು. ದುಡ್ಡು ಕರಗುವುದು ಅಲ್ಲಿಂದ.

ಆಮೇಲೆ ಜಾಗ. ಹೊಗೆ ಸರಿಯಾಗಿ ಎಳೆಯಬೇಕಾದರೆ ಚಿಮಣಿ ಮಾಡನ್ನು, ಅಂದರೆ ಹೆಂಚಿನ ಚಾವಣಿಯನ್ನು, ದಾಟಿದ ಕಡೆಯಿಂದ 3 ಅಡಿಯಾದರೂ ಮೇಲೆ ಹೋಗಬೇಕು, ಸುತ್ತ 10 ಅಡಿಯೊಳಗೆ ಇರುವ ಮಾಡಿಗಿಂತ 2 ಅಡಿ ಎತ್ತರವೂ ಇರಬೇಕು. ಸೂರಿನ ಪಕ್ಕ ಇಟ್ಟರೆ ನಮ್ಮ ಮಲೆನಾಡಿನ ಇಳಿಜಾರಿಗೆ ಹೊರಗೆ ನಿಲ್ಲುವ ಭಾಗವೇ ಏಳೆಂಟು ಅಡಿ ಆಗಿಬಿಡುತ್ತದೆ, ಸಾರುವೆ, ಆಳು, ಗಾಳಿಗೆ ಅಲ್ಲಾಡದ ಹಾಗೆ ಬಿಗಿಯುವುದು ಎಲ್ಲಾ ಅದರ ಬೆನ್ನಿಗೆ. ಮಾಡಿನ ನೆತ್ತಿಯ ಹತ್ತಿರ ಹಾದರೆ 3 ಅಡಿಯಲ್ಲೇ ಮುಗಿಯುತ್ತದೆ. ಬಚ್ಚಲನ್ನು ಸ್ವಲ್ಪ ಒಳಗೆ ತರಲು ಆಗುತ್ತದಾ ಅಂತ ಪ್ಲಾನ್ ನೋಡಿ.

ನಾನು ಕೈ ಸುಟ್ಟುಕೊಂಡದ್ದು ಹೆಂಚು ಸೇರುವ ಜಾಗದಲ್ಲಿ. ಮೂಡಿಗೆರೆ ಮಳೆ ಗೊತ್ತಲ್ವಾ? ಸುಮ್ನೆ ಸಿಮೆಂಟ್ ಮೆತ್ತಿ ಹೋದರು, ಆರಿದ್ರಾ ಮಳೆಗೆ ಒಲೆಯ ಬೂದಿಯೆಲ್ಲಾ ರಾಡಿ. ಚಿಮಣಿ ಬಿಸಿಗೆ ಹಿಗ್ಗುತ್ತದೆ, ಮಾಡಿನ ಮರ ತೇವಕ್ಕೆ ಉಬ್ಬುತ್ತದೆ, ಸಿಮೆಂಟ್ ಬಿರುಕು ಬಿಡದೆ ಏನು ಮಾಡೀತು. ಕೊನೆಗೆ ತಗಡು ಮಡಚಿ ಇಟ್ಟಿಗೆ ಸಂದಿಗೆ ತೂರಿಸಿದೆವು. ಮೇಲಿನ ಬದಿಯಲ್ಲಿ ತಗಡು ಹೆಂಚಿನ ಅಡಿಗೆ, ಕೆಳಗಿನ ಬದಿಯಲ್ಲಿ ಹೆಂಚಿನ ಮೇಲೆ. ಎರಡನೇ ಸಲ ಸಾರುವೆ ಕಟ್ಟಿದ ಖರ್ಚು ದಂಡ. ಹೆಂಚು ಹೊರುವ ಮರದ ಪಕಾಸು, ರೀಪು ಚಿಮಣಿಗೆ ತಾಗಬಾರದು, 2 ಇಂಚು ಬಿಡಿಸಿ.

ಫೈರ್ ಬ್ರಿಕ್ಸ್ (ಜಾಸ್ತಿ ಬಿಸಿ ತಡೆಯುವ ಇಟ್ಟಿಗೆ) ಬೆಂಕಿ ತಾಗುವ ಬಾಯಿಗೆ ಮಾತ್ರ ಸಾಕು, ಮೇಲೆಲ್ಲಾ ಹಾಕಿಸಿದರೆ ದುಡ್ಡು ದಂಡ. ಕೆಳಗೆ ಮಸಿ ತೆಗೆಯಲು ಸಣ್ಣ ಬಾಗಿಲು ಇಡಿಸಿ, ಹಸಿ ಸಿಲ್ವರ್ ಓಕ್ ಸೌದೆ ಉರಿಸುವವರಿಗಂತೂ ಬೇಕೇ ಬೇಕು.

ಪೈಪ್ ಚಿಮಣಿಗೆ ಪಾಯದ ಖರ್ಚಿಲ್ಲ ನಿಜ. ಆದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ನಮ್ಮ ಥಂಡಿಗೆ ಬೇಗ ತುಕ್ಕು ಹಿಡಿಯುತ್ತದೆ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ತಡೆಯುತ್ತದೆ, ರೇಟೂ ಹಾಗೇ ಇದೆ.

ನಿಮ್ಮದು ಆರ್‌ಸಿಸಿ ಮೇಲೆ ಹೆಂಚು ಹಾಕುವ ಮನೆಯಾದರೆ ಸ್ಲ್ಯಾಬ್‌ಗೆ ಮೊದಲೇ ತೂತು ಬಿಡಿಸಿ. ಆಮೇಲೆ ಕೊರೆಯಲು ಹೋದರೆ ಕಂಬಿ ಕತ್ತರಿಸಬೇಕಾಗುತ್ತದೆ.